ಒಂದು ನಿಮಿಷದ ಗ್ಯಾಟ್ಸ್‌ಬಿ

ಅಂತರ್ಜಾಲದಲ್ಲಿ ಹಳೇ ಟ್ರೇಲರ್ ಒಂದಿದೆ. ಒಂದು ನಿಮಿಷದ್ದು. ಕಪ್ಪು ಬಿಳುಪು, ಸದ್ದಿಲ್ಲ. ಪಾರ್ಟಿ ನಡೆದಿದೆ, ಜನ ಕುಣಿಯುತ್ತಿದ್ದಾರೆ, ನಡುನಡುವೆ ದೊಡ್ಡ ಅಕ್ಷರಗಳು ತೆರೆ ತುಂಬ ಬಂದು ಹೋಗುತ್ತವೆ. ಯಾರು ಯಾರೆಂದು ಗುರುತು ಹಿಡಿಯುವಷ್ಟರಲ್ಲಿ ಮುಗಿದೇ ಹೋಗುತ್ತದೆ. ಮೊದಲ ಸಲ ನೋಡಿದಾಗ ರಾತ್ರಿ ಹನ್ನೊಂದು ದಾಟಿತ್ತು. ಮನೆಯವರೆಲ್ಲ ಮಲಗಿದ್ದರು, ನಾನು ಸುಮ್ನೆ ಮೊಬೈಲ್ ಹಿಡಿದು ಕೂತಿದ್ದೆ. ಮುಗಿದ ಮೇಲೆ ಪೂರ್ತಿ ಸಿನಿಮಾ ಎಲ್ಲಿ ಸಿಗುತ್ತದೆ ಅಂತ ಹುಡುಕಲು ಶುರು ಮಾಡಿದೆ. ಎಲ್ಲೂ ಸಿಗುವುದಿಲ್ಲ. ಆ ಸಿನಿಮಾ ಈಗ ಇಲ್ಲ. ಉಳಿದಿರುವುದು ಆ ಒಂದು ನಿಮಿಷ ಮಾತ್ರ.

ಸಿನಿಮಾ 'ದಿ ಗ್ರೇಟ್ ಗ್ಯಾಟ್ಸ್‌ಬಿ'. ಲಿಯನಾರ್ಡೊ ಡಿಕಾಪ್ರಿಯೊ ಮಾಡಿದ್ದು ನಮಗೆಲ್ಲ ಗೊತ್ತು, ಅದು 2013ರದ್ದು. ನಾನು ಹೇಳುತ್ತಿರುವುದು 1926ರ ಮೂಕಿ ಚಿತ್ರದ ಬಗ್ಗೆ. ಎಫ್. ಸ್ಕಾಟ್ ಫಿಟ್ಜ್‌ಜೆರಾಲ್ಡ್ ಬರೆದ ಕಾದಂಬರಿ 1925ರ ಏಪ್ರಿಲ್‌ನಲ್ಲಿ ಅಚ್ಚಾಯಿತು. ಮುಂದಿನ ಫೆಬ್ರುವರಿಯಲ್ಲಿ ಓವನ್ ಡೇವಿಸ್ ಎಂಬ ನಾಟಕಕಾರ ಅದನ್ನು ಬ್ರಾಡ್‌ವೇ ರಂಗಕ್ಕೆ ತಂದ. 112 ಪ್ರದರ್ಶನ ಕಂಡಿತು. ಅದೇ ವರ್ಷ ನವೆಂಬರ್ 21ಕ್ಕೆ ಪ್ಯಾರಮೌಂಟ್ ಕಂಪನಿ ಸಿನಿಮಾ ಬಿಡುಗಡೆ ಮಾಡಿತು. ಕಾದಂಬರಿ ಬಂದು ಇಪ್ಪತ್ತು ತಿಂಗಳೂ ಆಗಿರಲಿಲ್ಲ! ನಿರ್ದೇಶಕ ಹರ್ಬರ್ಟ್ ಬ್ರೆನನ್. ಗ್ಯಾಟ್ಸ್‌ಬಿಯಾಗಿ ವಾರ್ನರ್ ಬ್ಯಾಕ್ಸ್‌ಟರ್, ಡೇಸಿಯಾಗಿ ಲೋಯಿಸ್ ವಿಲ್ಸನ್, ಗ್ಯಾರೇಜಿನ ಜಾರ್ಜ್ ವಿಲ್ಸನ್ ಆಗಿ ವಿಲಿಯಂ ಪವೆಲ್. ಅವನ ಹೆಂಡತಿ ಮರ್ಟಲ್ ಪಾತ್ರ ಮಾಡಿದ ಜಾರ್ಜಿಯಾ ಹೇಲ್, ಒಂದು ವರ್ಷ ಮೊದಲು ಚಾಪ್ಲಿನ್ನನ 'ದಿ ಗೋಲ್ಡ್ ರಶ್'ನಲ್ಲಿ ನಾಯಕಿಯಾಗಿದ್ದವಳು. ಕತೆ ಹೇಳುವ ನಿಕ್ ಆಗಿ ನೀಲ್ ಹ್ಯಾಮಿಲ್ಟನ್. ಇವನನ್ನು ಅರವತ್ತರ ದಶಕದ 'ಬ್ಯಾಟ್‌ಮ್ಯಾನ್' ಟಿವಿ ಧಾರಾವಾಹಿಯ ಪೊಲೀಸ್ ಕಮಿಷನರ್ ಅಂದರೆ ಹಲವರಿಗೆ ನೆನಪಾದೀತು. ಇಷ್ಟೂ ಜನರ ಬೇರೆ ಸಿನಿಮಾಗಳು ಸಿಗುತ್ತವೆ, ಕೂತು ನೋಡಬಹುದು. ಇದೊಂದು ಇಲ್ಲ.

ಕತೆ ಗೊತ್ತಿಲ್ಲದವರಿಗೆ ಎರಡು ಮಾತು. ಗ್ಯಾಟ್ಸ್‌ಬಿ ಎಂಬ ಬಡ ಹುಡುಗ ಶ್ರೀಮಂತರ ಮನೆ ಹುಡುಗಿ ಡೇಸಿಯನ್ನು ಪ್ರೀತಿಸುತ್ತಾನೆ. ಯುದ್ಧಕ್ಕೆ ಹೋಗುತ್ತಾನೆ, ಬರುವಷ್ಟರಲ್ಲಿ ಅವಳಿಗೆ ಇನ್ನೊಬ್ಬ ಶ್ರೀಮಂತನ ಜೊತೆ ಮದುವೆಯಾಗಿರುತ್ತದೆ. ಇವನು ಕಳ್ಳ ದಾರಿಯಲ್ಲಿ ದುಡ್ಡು ಮಾಡಿ, ಅವಳ ಮನೆಯ ಎದುರು ದಡದಲ್ಲೇ ಅರಮನೆಯಂಥ ಬಂಗಲೆ ತೆಗೆದುಕೊಂಡು, ಎಂದಾದರೂ ಬಂದಾಳು ಅಂತ ಪಾರ್ಟಿ ಮೇಲೆ ಪಾರ್ಟಿ ಕೊಡುತ್ತಾನೆ. ಕೊನೆಗೆ ಸಾಯುತ್ತಾನೆ. ಬಂದು ಕುಡಿದು ಕುಣಿದವರಲ್ಲಿ ಒಬ್ಬರೂ ಹೆಣ ಎತ್ತಲು ಬರುವುದಿಲ್ಲ, ಅಷ್ಟೇ ಅನ್ನಬಹುದು.

ಆ ಕಳ್ಳ ದಾರಿ ಹುಟ್ಟಿದ್ದು ಕಾನೂನಿನಿಂದ. ಅಮೆರಿಕದಲ್ಲಿ 1920ರ ಜನವರಿ 17ರಿಂದ 1933ರ ಡಿಸೆಂಬರ್ 5ರವರೆಗೆ ಪಾನನಿಷೇಧ ಇತ್ತು. ಹದಿಮೂರು ವರ್ಷಕ್ಕೂ ಜಾಸ್ತಿ. ಮದ್ಯ ತಯಾರಿಸುವ ಹಾಗಿಲ್ಲ, ಮಾರುವ ಹಾಗಿಲ್ಲ, ಸಾಗಿಸುವ ಹಾಗಿಲ್ಲ. ಆದರೆ ಕುಡಿಯುವುದು ಅಪರಾಧ ಅಂತ ಆ ಕಾನೂನಿನಲ್ಲಿ ಎಲ್ಲೂ ಇರಲಿಲ್ಲ. ಮೊದಲೇ ತಂದಿಟ್ಟುಕೊಂಡಿದ್ದನ್ನು ಮನೆಯಲ್ಲಿ ಕೂತು ಕುಡಿಯಬಹುದಿತ್ತು. ದುಡ್ಡಿದ್ದವರು ಜನವರಿ 17 ಬರುವ ಮೊದಲೇ ನೆಲಮಾಳಿಗೆ ತುಂಬಿಸಿಕೊಂಡರು. ಡಾಕ್ಟರ್ ಚೀಟಿ ಇದ್ದರೆ ಔಷಧಿ ಅಂಗಡಿಯಲ್ಲಿ ವಿಸ್ಕಿಯೂ ಸಿಗುತ್ತಿತ್ತು. ಗ್ಯಾಟ್ಸ್‌ಬಿಯ ದುಡ್ಡಿನ ಮೂಲ ಅಂತ ಕಾದಂಬರಿಯಲ್ಲಿ ಬಯಲಾಗುವುದೂ ಇಂಥ ಔಷಧಿ ಅಂಗಡಿಗಳೇ. ಅವನ ಬಂಗಲೆ ಇದ್ದದ್ದು ನ್ಯೂಯಾರ್ಕ್ ಪಕ್ಕದ ಲಾಂಗ್ ಐಲೆಂಡ್‌ನಲ್ಲಿ, ಅದರ ಆಚೆ ಸಮುದ್ರದಲ್ಲಿ ಮದ್ಯ ತುಂಬಿದ ಹಡಗುಗಳು ಅಮೆರಿಕದ ಗಡಿ ದಾಟಿ ಲಂಗರು ಹಾಕಿ ಸಾಲಾಗಿ ನಿಲ್ಲುತ್ತಿದ್ದವು. ಕತ್ತಲಾದ ಮೇಲೆ ವೇಗದ ಸಣ್ಣ ದೋಣಿಗಳು ಹೋಗಿ ಪೆಟ್ಟಿಗೆ ಇಳಿಸಿಕೊಂಡು ಬರುತ್ತಿದ್ದವು. ಆ ಸಾಲಿಗೆ ಜನ ಇಟ್ಟ ಹೆಸರು ರಮ್ ರೋ.

ಬಡವರ ಪಾಲಿಗೆ ಬಂದದ್ದು ಬೇರೆ. ಕಾರ್ಖಾನೆಯ ಸ್ಪಿರಿಟ್ಟನ್ನು ಯಾರೂ ಕುಡಿಯಬಾರದು ಅಂತ ಸರ್ಕಾರವೇ ಅದರಲ್ಲಿ ವಿಷ ಬೆರೆಸಲು ಹೇಳಿತ್ತು. ಕಳ್ಳಭಟ್ಟಿಯವರು ಅದನ್ನೇ ಕದ್ದು, ಸೋಸಿ, ಬಣ್ಣ ಹಾಕಿ ಮಾರುತ್ತಿದ್ದರು. 1926ರ ಕ್ರಿಸ್‌ಮಸ್ ದಿನಗಳಲ್ಲಿ ನ್ಯೂಯಾರ್ಕ್ ನಗರದಲ್ಲಿ ಇದನ್ನು ಕುಡಿದ ಹತ್ತಾರು ಜನ ಸತ್ತರು. ತಾರೀಖು ನೋಡಿ. ಸಿನಿಮಾ ಬಿಡುಗಡೆಯಾಗಿ ಐದು ವಾರ. ತೆರೆಯ ಮೇಲೆ ಒಳ್ಳೆ ಬಟ್ಟೆ ಹಾಕಿಕೊಂಡವರು ಕಾಕ್‌ಟೇಲ್ ಹಿಡಿದು ನಗುತ್ತಿದ್ದ ಅದೇ ಚಳಿಗಾಲದಲ್ಲಿ ಅದೇ ಊರಿನ ಆಸ್ಪತ್ರೆಗಳಲ್ಲಿ ಕಣ್ಣು ಹೋದವರು, ಜೀವ ಹೋಗುತ್ತಿದ್ದವರು ಮಲಗಿದ್ದರು. ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡಿದಾಗಲೇ ನನಗೆ ಈ ಸಿನಿಮಾ ತಲೆಗೆ ಹೊಕ್ಕಿದ್ದು.

ಗ್ಯಾಟ್ಸ್‌ಬಿ ಕತೆ ಆಮೇಲೆ ಎಷ್ಟೋ ಸಲ ತೆರೆಗೆ ಬಂತು. 1949ರಲ್ಲಿ ಅಲನ್ ಲ್ಯಾಡ್, 1974ರಲ್ಲಿ ರಾಬರ್ಟ್ ರೆಡ್‌ಫರ್ಡ್, ಆಮೇಲೆ ಡಿಕಾಪ್ರಿಯೊ. ಇವರೆಲ್ಲರಿಗೂ ಇಪ್ಪತ್ತರ ದಶಕವನ್ನು ಹೊಸದಾಗಿ ಕಟ್ಟಬೇಕಾಯಿತು. ಬಟ್ಟೆ ಹೊಲಿಸಬೇಕು, ಹಳೇ ಕಾರು ಹುಡುಕಿ ತರಬೇಕು, ಕುಣಿತ ಕಲಿಸಬೇಕು. 2013ರದ್ದನ್ನಂತೂ ಆಸ್ಟ್ರೇಲಿಯಾದಲ್ಲಿ ತೆಗೆದರು. 1926ರವರಿಗೆ ಅದು ಯಾವುದೂ ಬೇಕಿರಲಿಲ್ಲ. ಆ ಉಡುಗೆ ಅವರದೇ, ಅಂಗಡಿಯಲ್ಲಿ ಸಿಗುತ್ತಿದ್ದದ್ದು. ಆ ಕಾರುಗಳು ಬೀದಿಯಲ್ಲೇ ಓಡುತ್ತಿದ್ದವು. ಪಾರ್ಟಿ ದೃಶ್ಯದಲ್ಲಿ ನಿಲ್ಲಲು ಬಂದ ಸಣ್ಣಪುಟ್ಟ ನಟರಿಗೆ ಗ್ಲಾಸು ಹಿಡಿಯುವುದು ಹೇಗೆ ಅಂತ ಯಾರೂ ಹೇಳಿಕೊಡಬೇಕಿರಲಿಲ್ಲ. ನಿಷೇಧ ಇನ್ನೂ ಏಳು ವರ್ಷ ಬಾಕಿ ಇದ್ದಾಗ, ಅದು ಎಂದು ಮುಗಿಯುತ್ತದೋ ಗೊತ್ತಿಲ್ಲದವರು ಮಾಡಿದ ಸಿನಿಮಾ ಅದು. ಗ್ಯಾಟ್ಸ್‌ಬಿ ಸಿನಿಮಾಗಳಲ್ಲಿ ಅದೊಂದೇ ತನ್ನ ಕಾಲದೊಳಗೇ ನಿಂತು ತೆಗೆದದ್ದು. ನಮ್ಮ ಹತ್ತಿರ ಇಲ್ಲದಿರುವುದೂ ಅದೊಂದೇ.

ಹಾಗಾದರೆ ಅದರೊಳಗೆ ಏನಿತ್ತು? ಬಿಡುಗಡೆಯ ಮರುದಿನ 'ನ್ಯೂಯಾರ್ಕ್ ಟೈಮ್ಸ್'ನಲ್ಲಿ ಮೊರ್ಡಂಟ್ ಹಾಲ್ ಬರೆದ ವಿಮರ್ಶೆ ಉಳಿದಿದೆ. ಅದರಿಂದ ಒಂದೆರಡು ದೃಶ್ಯ ನಮಗೆ ಸಿಗುತ್ತವೆ. ಒಂದರಲ್ಲಿ ಗ್ಯಾಟ್ಸ್‌ಬಿ ತನ್ನ ಈಜುಕೊಳದ ನೀರಿಗೆ ಇಪ್ಪತ್ತು ಡಾಲರಿನ ಚಿನ್ನದ ನಾಣ್ಯ ಎಸೆಯುತ್ತಾನೆ. ಹುಡುಗಿಯರು ಅದನ್ನು ಹೆಕ್ಕಲು ನೀರಿಗೆ ಹಾರುತ್ತಾರೆ. ಒಬ್ಬಳು ಅಲ್ಲೇ ನಿಂತು, ಅವನು ಏನು ಎಸೀತಿದ್ದಾನೆ ಅಂತ ಕೇಳುತ್ತಾಳೆ. ಚಿನ್ನದ ನಾಣ್ಯ, ನಿಜವಾದದ್ದು ಅಂತ ತಿಳಿದ ಕೂಡಲೇ ಹಿಂದೆ ಮುಂದೆ ನೋಡದೆ ಅವಳೂ ಧುಮುಕುತ್ತಾಳೆ.

ಈ ದೃಶ್ಯ ಕಾದಂಬರಿಯಲ್ಲಿ ಇಲ್ಲ, ಸಿನಿಮಾದವರು ಸೇರಿಸಿಕೊಂಡದ್ದು. ಕಾದಂಬರಿಯ ಅಭಿಮಾನಿಗಳಿಗೆ ಇದು ತೀರಾ ಒರಟು ಅನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ಮಾತಿಲ್ಲದ ಸಿನಿಮಾ ಅದು. ಕಾದಂಬರಿಯಲ್ಲಿ ಡೇಸಿಯ ಕಂಠದಲ್ಲೇ ದುಡ್ಡು ತುಂಬಿದೆ ಅಂತ ಗ್ಯಾಟ್ಸ್‌ಬಿ ಹೇಳುವ ಒಂದು ಜಾಗ ಇದೆ, ಇಡೀ ಪುಸ್ತಕದ ಜೀವ ಅಲ್ಲಿದೆ. ಮೂಕಿ ಚಿತ್ರದಲ್ಲಿ ಕಂಠವೇ ಇಲ್ಲ, ಅಲ್ವಾ? ಕಿವಿಗೆ ಕೇಳಿಸಬೇಕಾದ ದುಡ್ಡನ್ನು ಕಣ್ಣಿಗೆ ಕಾಣಿಸಬೇಕು. ನೀರಿಗೆ ಬಿದ್ದ ನಾಣ್ಯ, ಅದರ ಹಿಂದೆಯೇ ಬಿದ್ದ ಹುಡುಗಿ. ಇದಕ್ಕಿಂತ ನೇರವಾಗಿ ಹೇಳಲು ಬರುತ್ತದೆಯೇ? ನಾಣ್ಯ ನೀರಿನಲ್ಲಿ ಹೊಳೆಯಿತೋ ಇಲ್ಲವೋ, ಆ ಹುಡುಗಿ ಧುಮುಕುವ ಮುಂಚೆ ಒಂದು ಕ್ಷಣ ಗ್ಯಾಟ್ಸ್‌ಬಿಯ ಮುಖ ನೋಡಿದಳೋ ಇಲ್ಲವೋ, ಅವನು ನಗುತ್ತಿದ್ದನೋ ಬೇರೆಲ್ಲೋ ನೋಡುತ್ತಿದ್ದನೋ, ಇದನ್ನೆಲ್ಲ ನಾನು ಎಷ್ಟು ಸಲ ಮನಸ್ಸಿನಲ್ಲೇ ಚಿತ್ರ ಮಾಡಿಕೊಂಡಿದ್ದೇನೆ ಅಂದರೆ ಈಗೀಗ ಆ ದೃಶ್ಯ ನಿಜವಾಗಿ ನೋಡಿದ್ದೇನೆ ಅನ್ನುವ ಹಾಗೆ ಆಗಿದೆ.

ಇನ್ನೊಂದು ದೃಶ್ಯದಲ್ಲಿ ಡೇಸಿ ಬೇಜಾರು ಮರೆಯಲು ಆಬ್ಸಿಂತ್ ಕುಡಿಯುತ್ತಾಳೆ. ಹಸಿರು ಬಣ್ಣದ ಕಡು ಮದ್ಯ ಅದು, ಪಾನನಿಷೇಧಕ್ಕೂ ಮೊದಲೇ 1912ರಲ್ಲಿ ಅಮೆರಿಕ ಅದನ್ನು ನಿಷೇಧಿಸಿತ್ತು. ಸಾಮಾನ್ಯರಾದರೆ ಎಚ್ಚರ ತಪ್ಪುವಷ್ಟು ಕುಡಿದರೂ ಡೇಸಿಗೆ ಸ್ವಲ್ಪ ಮತ್ತು ಬರುತ್ತದೆ ಅಷ್ಟೇ ಅಂತ ವಿಮರ್ಶಕ ಆಕ್ಷೇಪ ಎತ್ತಿದ್ದಾನೆ. ಆಕ್ಷೇಪ ಸರಿಯೇ ಇರಬಹುದು. ಆದರೂ ನನಗೆ ಕುತೂಹಲ ಇರುವುದು ಬೇರೆಯದರಲ್ಲಿ. ಎರಡೆರಡು ಸಲ ನಿಷೇಧವಾದ ಮದ್ಯವನ್ನು ಒಬ್ಬ ಗೃಹಿಣಿ ತೆರೆಯ ಮೇಲೆ ಕುಡಿಯುವಾಗ 1926ರ ಪ್ರೇಕ್ಷಕರು ಏನು ಮಾಡಿದರು? ನಕ್ಕರೋ, ಗುಸುಗುಸು ಅಂದರೋ? ಅವರಲ್ಲಿ ಎಷ್ಟು ಜನರ ಮನೆಯ ಕಪಾಟಿನಲ್ಲಿ ಅಂಥದೇ ಬಾಟಲಿ ಇತ್ತೋ?

ಫಿಟ್ಜ್‌ಜೆರಾಲ್ಡ್ ದಂಪತಿಗೆ ಸಿನಿಮಾ ಹಿಡಿಸಲಿಲ್ಲ. ಮರುವರ್ಷ ಹಾಲಿವುಡ್‌ನಲ್ಲಿದ್ದಾಗ ಹೋಗಿ ನೋಡಿದರು. ತುಂಬಾ ಕೆಟ್ಟದಾಗಿತ್ತು, ಎದ್ದು ಬಂದೆವು ಅಂತ ಹೆಂಡತಿ ಜೆಲ್ಡಾ ಮಗಳಿಗೆ ಕಾಗದ ಬರೆದಿದ್ದಾಳೆ. ಈ ಸಿನಿಮಾ ಬಗ್ಗೆ ಎಲ್ಲಿ ಓದಿದರೂ ಈ ಕಾಗದದ ಮಾತು ಬಂದೇ ಬರುತ್ತದೆ, ಕಳೆದುಹೋದರೆ ಹೋಗಲಿ ಬಿಡಿ ಅನ್ನುವ ಧಾಟಿಯಲ್ಲಿ. ನನಗೆ ಇದು ಒಪ್ಪಿಗೆಯಿಲ್ಲ. ಕಾದಂಬರಿ ಬರೆದವನಿಗೂ ಅವನ ಹೆಂಡತಿಗೂ ಬೇಸರವಾಗಿದ್ದು ಸಹಜ. ತಮ್ಮ ಮನೆಯನ್ನೇ ಬೇರೆಯವರು ಬಂದು ಜೋಡಿಸಿಟ್ಟ ಹಾಗೆ ಅನ್ನಿಸಿರಬೇಕು. ಅವರು ಎದ್ದು ಬಂದರು, ಸರಿ. ಎದ್ದು ಬರಲು ಮೊದಲು ಹೋಗಿ ಕೂರಬೇಕಲ್ಲ, ನಮಗೆ ಅದಕ್ಕೂ ಅವಕಾಶವಿಲ್ಲ.

ಕೆಟ್ಟ ಸಿನಿಮಾವನ್ನೂ ಯಾಕೆ ಉಳಿಸಿಕೊಳ್ಳಬೇಕು ಅಂತ ನನಗೆ ಅರ್ಥವಾದದ್ದು ನಮ್ಮ ಮನೆಯ ಒಂದು ಕ್ಯಾಸೆಟ್‌ನಿಂದ.

ನಮ್ಮ ಚಿಕ್ಕಮ್ಮನ ಮದುವೆ 1994ರಲ್ಲಿ ಆಯಿತು. ವಿಡಿಯೋ ಮಾಡಿಸಿದ್ದರು. ವಿಎಚ್‌ಎಸ್ ಕ್ಯಾಸೆಟ್, ಮೂರು ಗಂಟೆಯದ್ದು. ಮನೆಯಲ್ಲಿ ವಿಸಿಆರ್ ಇರಲಿಲ್ಲ, ಬಾಡಿಗೆಗೆ ತಂದು ಒಂದೆರಡು ಸಲ ನೋಡಿದ್ದೆವು. ಆಮೇಲೆ ಅದು ಬೀರುವಿನ ಮೇಲಿನ ಟ್ರಂಕಿಗೆ ಸೇರಿತು. ನಾಲ್ಕು ವರ್ಷದ ಹಿಂದೆ ತೆಗೆದು ನೋಡಿದರೆ ಕ್ಯಾಸೆಟ್ಟಿನ ಕಿಟಕಿಯೊಳಗೆ ಟೇಪಿನ ಅಂಚಿಗೆಲ್ಲ ಬಿಳಿ ಬೂಷ್ಟು. ಸುಣ್ಣದ ಪುಡಿ ಉದುರಿಸಿದ ಹಾಗೆ. ಕ್ಯಾಸೆಟ್ಟನ್ನು ಡಿಜಿಟಲ್ ಮಾಡಿಕೊಡುವ ಒಬ್ಬರ ಹತ್ತಿರ ಕೊಟ್ಟೆ. ಅವರು ಪಾಪ ಬಿಚ್ಚಿ, ಒರೆಸಿ, ಬೇರೆ ಕವಚಕ್ಕೆ ಹಾಕಿ ಎಷ್ಟೋ ಪ್ರಯತ್ನ ಮಾಡಿದರು. ಕೊನೆಗೆ ಹನ್ನೊಂದು ನಿಮಿಷ ಸಿಕ್ಕಿತು.

ಆ ಹನ್ನೊಂದು ನಿಮಿಷದಲ್ಲಿ ಮುಹೂರ್ತ ಇಲ್ಲ. ಧಾರೆ ಇಲ್ಲ. ಚಿಕ್ಕಮ್ಮನೇ ಇಲ್ಲ. ಇರುವುದು ಊಟದ ಪಂಕ್ತಿ. ಕ್ಯಾಮೆರಾದವನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಸುಮ್ಮನೆ ನಡೆದುಕೊಂಡು ಹೋಗಿದ್ದಾನೆ. ಮೊದಲ ಸಲ ನೋಡುವಾಗ ಇದನ್ನು ಓಡಿಸಿಬಿಡಿ ಅಂದಿದ್ದ ಭಾಗ ಅದು. ಈಗ ನೋಡಿದರೆ ಅಲ್ಲಿ ನಮ್ಮ ತಾತ ಇದ್ದಾರೆ. ಪಂಚೆ ಮೇಲೆ ಕಟ್ಟಿಕೊಂಡು ಸಾರಿನ ಬಕೆಟ್ ಹಿಡಿದು ಬಗ್ಗಿ ಬಡಿಸುತ್ತಾ, ಯಾರಿಗೋ 'ಇನ್ನೊಂದು ಸ್ವಲ್ಪ' ಅಂತ ತುಟಿ ಅಲ್ಲಾಡಿಸುತ್ತಾರೆ. ಧ್ವನಿ ಪೂರ್ತಿ ಹೋಗಿದೆ. ತಾತ ತೀರಿಕೊಂಡು ಇಪ್ಪತ್ತು ವರ್ಷದ ಮೇಲಾಯಿತು. ಅವರು ಓಡಾಡುವುದನ್ನು ನೋಡಲು ನಮಗೆ ಉಳಿದಿರುವುದು ಅದೊಂದೇ. ಚಿಕ್ಕಮ್ಮನಿಗೆ ಫೋನ್ ಮಾಡಿ, ನಿಮ್ಮ ಮದುವೆ ಹೋಯ್ತು ಚಿಕ್ಕಮ್ಮ, ಬರೀ ಊಟ ಸಿಕ್ಕಿದೆ ಅಂದೆ. ಕಳಿಸಿದೆ. ಸ್ವಲ್ಪ ಹೊತ್ತು ಬಿಟ್ಟು ಅವರೇ ಫೋನ್ ಮಾಡಿದರು. 'ಅಪ್ಪನ ತುಟಿ ನೋಡಿದ್ಯೇನೋ, ಅದೇ ಥರ ಅಲ್ವೇನೋ ಮಾತಾಡ್ತಿದ್ದದ್ದು' ಅಂದರು. ಇನ್ನೇನೂ ಹೇಳಲು ಅವರಿಗೆ ಆಗಲಿಲ್ಲ.

ಕ್ಯಾಮೆರಾದವನಿಗೆ ತಾನು ತಾತನನ್ನು ಉಳಿಸುತ್ತಿದ್ದೇನೆ ಅಂತ ಗೊತ್ತಿತ್ತೇ? ಇಲ್ಲ. ಬ್ರೆನನ್ನನಿಗೂ ಗೊತ್ತಿರಲಿಕ್ಕಿಲ್ಲ. ಅವನು ಒಂದು ಅಳುವ ಕತೆ ತೆಗೆಯುತ್ತಿದ್ದ, ಅದರ ಅಂಚಿನಲ್ಲಿ 1926 ಇಸವಿ ತಾನಾಗಿಯೇ ಬಂದು ಕೂತಿತ್ತು.

ಹೋದದ್ದಾದರೂ ಹೇಗೆ? ಆ ಕಾಲದ ಫಿಲ್ಮು ನೈಟ್ರೇಟ್. ಬೆಂಕಿ ತಗುಲಿದರೆ ನೀರಿನೊಳಗೆ ಮುಳುಗಿಸಿದರೂ ಉರಿಯುತ್ತದೆ, ಉರಿಯಲು ಬೇಕಾದ ಆಮ್ಲಜನಕ ಅದರೊಳಗೇ ಇದೆ. ಬೆಂಕಿ ಬೀಳದಿದ್ದರೂ ತಾನಾಗಿ ಕೊಳೆಯುತ್ತದೆ. ಮೊದಲು ಚಿತ್ರ ಮಾಸುತ್ತದೆ. ಆಮೇಲೆ ಫಿಲ್ಮು ಅಂಟಂಟಾಗಿ ಸುತ್ತಿಗೆ ಸುತ್ತು ಹಿಡಿದುಕೊಳ್ಳುತ್ತದೆ. ಆಮೇಲೆ ನೊರೆ ಬಂದು ಜೇನಿನಂಥ ರಸ ಒಸರುತ್ತದೆ. ಕೊನೆಗೆ ಡಬ್ಬಿ ತೆರೆದರೆ ಘಾಟು ಹೊಡೆಯುವ ಕಂದು ಪುಡಿ. ಅಷ್ಟೇ.

ಆದರೆ ಎಲ್ಲವೂ ಕೊಳೆತು ಹೋಗಿದ್ದಲ್ಲ. 1927ರ ಅಕ್ಟೋಬರ್‌ನಲ್ಲಿ 'ದಿ ಜಾಝ್ ಸಿಂಗರ್' ಬಂತು. ಸಿನಿಮಾ ಮಾತಾಡಲು ಶುರು ಮಾಡಿದ ಮೇಲೆ ಒಂದೆರಡು ವರ್ಷದಲ್ಲಿ ಮೂಕಿ ಚಿತ್ರಗಳನ್ನು ಕೇಳುವವರೇ ಇಲ್ಲವಾದರು. ಇಡಲು ಜಾಗ ಬೇಕು, ಬೆಂಕಿಯ ಭಯ ಬೇರೆ. ಫಿಲ್ಮಿನ ಲೇಪದಲ್ಲಿ ಬೆಳ್ಳಿ ಇರುತ್ತದೆ, ಅದನ್ನು ತೆಗೆದು ಮಾರಿದರೆ ನಾಲ್ಕು ಕಾಸು ಬರುತ್ತದೆ. ಎಷ್ಟೋ ಸಿನಿಮಾಗಳು ಹಾಗೇ ಬೆಳ್ಳಿಯಾದವು. 2013ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಹೊರತಂದ ಒಂದು ವರದಿ ಈ ಲೆಕ್ಕ ಕೊಡುತ್ತದೆ. 1912ರಿಂದ 1929ರವರೆಗೆ ಅಮೆರಿಕದಲ್ಲಿ ಸುಮಾರು 11 ಸಾವಿರ ಮೂಕಿ ಕಥಾಚಿತ್ರಗಳು ಬಂದವು. ಮೂಲ ರೂಪದಲ್ಲಿ ಪೂರ್ತಿಯಾಗಿ ಉಳಿದಿರುವುದು ಶೇಕಡಾ 14. ಶೇಕಡಾ 70ರಷ್ಟು ಪೂರ್ತಿ ಹೋಗಿವೆ.

ಇನ್ನೊಂದು ಕಾರಣವೂ ಇದೆ ಅನ್ನಿಸುತ್ತದೆ. ಸಿನಿಮಾಗಳನ್ನು ಎಸೆಯುತ್ತಿದ್ದ ಆ ವರ್ಷಗಳಲ್ಲಿ ಗ್ಯಾಟ್ಸ್‌ಬಿ ಅನ್ನುವ ಹೆಸರಿಗೆ ತೂಕವೇ ಇರಲಿಲ್ಲ. ಕಾದಂಬರಿ ಹೆಚ್ಚೇನೂ ಮಾರಾಟವಾಗಿರಲಿಲ್ಲ. 1940ರ ಡಿಸೆಂಬರ್‌ನಲ್ಲಿ ಫಿಟ್ಜ್‌ಜೆರಾಲ್ಡ್ 44ನೇ ವಯಸ್ಸಿಗೆ ತೀರಿಕೊಂಡಾಗ ಪ್ರಕಾಶಕರ ಗೋದಾಮಿನಲ್ಲಿ ಎರಡನೇ ಮುದ್ರಣದ ಪ್ರತಿಗಳು ಇನ್ನೂ ಬಿದ್ದಿದ್ದವು. ಎರಡನೇ ಮಹಾಯುದ್ಧದ ಸಮಯದಲ್ಲಿ ಅಮೆರಿಕದ ಸೈನಿಕರಿಗೆ ಓದಲು ಅಂತ ಈ ಪುಸ್ತಕದ ಸುಮಾರು 1.55 ಲಕ್ಷ ಪ್ರತಿ ಅಚ್ಚು ಹಾಕಿ ಹಂಚಿದರು. ಕಾದಂಬರಿಗೆ ಮರುಜೀವ ಬಂದದ್ದು ಅದರ ನಂತರ. ಪುಸ್ತಕ ಗೋದಾಮಿನಲ್ಲಿ ಇಪ್ಪತ್ತು ವರ್ಷ ಸುಮ್ಮನೆ ಕಾಯಬಲ್ಲದು. ನೈಟ್ರೇಟ್ ಫಿಲ್ಮಿಗೆ ಕಾಯಲು ಬರುವುದಿಲ್ಲ, ಅದನ್ನು ಯಾರಾದರೂ ತಂಪು ಜಾಗದಲ್ಲಿಟ್ಟು ನೋಡಿಕೊಳ್ಳುತ್ತಿರಬೇಕು.

ಇದು ದೂರದ ಅಮೆರಿಕದ ಕತೆ ಅಂತ ನಾವು ಕೈ ತೊಳೆದುಕೊಳ್ಳುವ ಹಾಗಿಲ್ಲ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' 1934ರ ಮಾರ್ಚ್ 3ಕ್ಕೆ ಬೆಂಗಳೂರಿನ ಸಿಟಿ ಮಾರ್ಕೆಟ್ ಹತ್ತಿರದ ಚಿತ್ರಮಂದಿರದಲ್ಲಿ ತೆರೆಕಂಡಿತು. ಆ ಚಿತ್ರಮಂದಿರದ ಹೆಸರೂ ಪ್ಯಾರಮೌಂಟ್. ಸುಬ್ಬಯ್ಯ ನಾಯ್ಡು, ತ್ರಿಪುರಾಂಬ, ಆರ್. ನಾಗೇಂದ್ರರಾಯರು ಇದ್ದ ಸಿನಿಮಾ. ಅದರ ಪ್ರತಿ ಇವತ್ತು ಇಲ್ಲ. ಪ್ರತಿ ಮಾರ್ಚ್ 3ಕ್ಕೆ ಅದನ್ನು ನೆನೆಯುತ್ತೇವೆ, ನೋಡಲು ಮಾತ್ರ ಆಗುವುದಿಲ್ಲ. ತೆರೆಯ ಮೇಲೆ ಕನ್ನಡ ಮೊದಲು ಹೇಗೆ ಕೇಳಿಸಿತು, ಇಂದ್ರಜಿತುವಿನ ಮಾತಿನ ಏರಿಳಿತ ನಾಟಕದ್ದೇ ಆಗಿತ್ತೋ ಬೇರೆಯಾಗಿತ್ತೋ ಅಂತ ಕೇಳಿ ಹೇಳಲು ನಮಗೆ ಸಾಧ್ಯವಿಲ್ಲ. ಗ್ಯಾಟ್ಸ್‌ಬಿಗೆ ಒಂದು ನಿಮಿಷವಾದರೂ ಇದೆ.

2022ರ ಜನವರಿ 1ಕ್ಕೆ ಅಮೆರಿಕದಲ್ಲಿ 1926ರ ಸಿನಿಮಾಗಳ ಹಕ್ಕುಸ್ವಾಮ್ಯ ಮುಗಿಯಿತು. ಗ್ಯಾಟ್ಸ್‌ಬಿಯದ್ದೂ. ಅಂದರೆ ಈಗ ಯಾರು ಬೇಕಾದರೂ ಅದನ್ನು ತೋರಿಸಬಹುದು, ಮನೆ ಗೋಡೆ ಮೇಲೆ ಬಿಡಬಹುದು, ಪ್ರತಿ ಮಾಡಿ ಹಂಚಬಹುದು, ಯಾರನ್ನೂ ಕೇಳಬೇಕಿಲ್ಲ. ಆ ದಿನ ಬೆಳಿಗ್ಗೆ ಇದು ನೆನಪಾಗಿ ನನಗೆ ನಿಜಕ್ಕೂ ಬೇಜಾರಾಯಿತು. ಎಲ್ಲರದೂ ಆಯಿತು, ಕೈಯಲ್ಲಿ ಹಿಡಿಯಲು ಏನೂ ಇಲ್ಲ.

ಆದರೂ ನಾನು ಆಸೆ ಬಿಟ್ಟಿಲ್ಲ. ಹೋದವು ಅಂದುಕೊಂಡ ಸಿನಿಮಾಗಳು ಸಿಕ್ಕಿವೆ. ಕೆನಡಾದ ವಾಯವ್ಯ ಮೂಲೆಯಲ್ಲಿ ಡಾಸನ್ ಸಿಟಿ ಅಂತ ಊರಿದೆ, ಒಂದು ಕಾಲದಲ್ಲಿ ಚಿನ್ನಕ್ಕಾಗಿ ಜನ ಮುಗಿಬಿದ್ದಿದ್ದ ಊರು. ಸಿನಿಮಾ ರೀಲುಗಳು ಊರೂರು ಸುತ್ತಿ ಕೊನೆಗೆ ಅಲ್ಲಿಗೆ ತಲುಪುತ್ತಿದ್ದವು, ವಾಪಸ್ ಕಳಿಸುವುದು ದುಬಾರಿ ಅಂತ ಅಲ್ಲೇ ಉಳಿಯುತ್ತಿದ್ದವು. 1929ರಲ್ಲಿ ಅವನ್ನು ಹಳೇ ಈಜುಕೊಳಕ್ಕೆ ಸುರಿದು ಮುಚ್ಚಿಬಿಟ್ಟರು. 1978ರಲ್ಲಿ ಮಣ್ಣು ಅಗೆಯುವಾಗ ಮೇಲೆ ಬಂದವು. 533 ರೀಲು, ಹೆಪ್ಪುಗಟ್ಟಿದ ನೆಲ ಅವನ್ನು ಕಾದಿತ್ತು. 'ಬಿಯಾಂಡ್ ದ ರಾಕ್ಸ್' ಅನ್ನುವ 1922ರ ಸಿನಿಮಾ ನೆದರ್‌ಲ್ಯಾಂಡ್ಸ್‌ನಲ್ಲಿ ತೀರಿಕೊಂಡ ಒಬ್ಬ ಸಂಗ್ರಾಹಕರ ಡಬ್ಬಿಗಳ ರಾಶಿಯಲ್ಲಿ ಸಿಕ್ಕಿತು. 2010ರಲ್ಲಿ ರಷ್ಯಾ ತನ್ನ ಭಂಡಾರದಲ್ಲಿದ್ದ ಹತ್ತು ಅಮೆರಿಕನ್ ಮೂಕಿ ಚಿತ್ರಗಳ ಪ್ರತಿ ಮಾಡಿ ಅಮೆರಿಕಕ್ಕೇ ಕೊಟ್ಟಿತು.

ಹೀಗೆ ಸಿಗುವ ಸಿನಿಮಾಗಳಿಗೆ ಎಷ್ಟೋ ಸಲ ಮೊದಲ ರೀಲೇ ಇರುವುದಿಲ್ಲ. ಹೆಸರು ಹೋಗಿರುತ್ತದೆ. ನಡುವೆ ಬರುವ ಅಕ್ಷರಗಳು ಡಚ್ಚೋ ಚೆಕ್ಕೋ ರಷ್ಯನ್ನೋ ಆಗಿರುತ್ತವೆ, ಪಾತ್ರಗಳ ಹೆಸರೂ ಬದಲಾಗಿರುತ್ತದೆ. ಡಬ್ಬಿಯ ಮೇಲೆ ಇನ್ನಾವುದೋ ಸಿನಿಮಾದ ಚೀಟಿ ಅಂಟಿಸಿರುತ್ತಾರೆ. ಯಾವುದೋ ಊರಿನ ಉಗ್ರಾಣದಲ್ಲಿ ಒಬ್ಬ ಹುಡುಗನೋ ಹುಡುಗಿಯೋ ಅಂಥದೊಂದು ಡಬ್ಬಿ ಬಿಚ್ಚಿ, ಕೈಗವಸು ಹಾಕಿಕೊಂಡು, ಫಿಲ್ಮನ್ನು ಬೆಳಕಿಗೆ ಹಿಡಿದು ನೋಡುತ್ತಾರೆ ಅಂತ ಇಟ್ಟುಕೊಳ್ಳಿ. ಇದು ಗ್ಯಾಟ್ಸ್‌ಬಿ ಅಂತ ಅವರಿಗೆ ಯಾರೂ ಹೇಳುವುದಿಲ್ಲ. ರಾತ್ರಿ ಪಾರ್ಟಿ ಕಾಣುತ್ತದೆ, ಅಂಥ ಪಾರ್ಟಿ ಆ ಕಾಲದ ನೂರು ಸಿನಿಮಾದಲ್ಲಿದೆ. ಒಬ್ಬ ಗಂಡಸು, ಕೋಟು ಹಾಕಿ ನಿಂತವನು. ಅದೂ ಗುರುತಾಗಲಾರದು. ಇನ್ನೊಂದು ಮೊಳ ಫಿಲ್ಮು ಎಳೆಯಬೇಕು. ಈಜುಕೊಳ ಬರುತ್ತದೆ, ಅವನ ಕೈ ಮೇಲೆ ಹೋಗುತ್ತದೆ, ದಂಡೆಯ ಮೇಲೆ ನಿಂತ ಒಬ್ಬಳು ಪಕ್ಕದವರ ಕಡೆ ತಿರುಗಿ ಏನೋ ಕೇಳುತ್ತಾಳೆ.